ಇಪ್ಪತ್ತಮೂರನೆಯ ಸಾಲು

ನಾನು ಓದುತ್ತೇನೆ, ಅವಳು ಮುಟ್ಟುತ್ತಾಳೆ. ಹನ್ನೊಂದು ವರ್ಷದಿಂದ ನಮ್ಮಿಬ್ಬರ ಕೆಲಸ ಇಷ್ಟೇ, ಇಷ್ಟಕ್ಕೇ ಸಂಜೆ ಹೊತ್ತಿಗೆ ಸೊಂಟ ಬಿದ್ದುಹೋಗುತ್ತದೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕಿಟಕಿಯೇ ಇಲ್ಲದ ಒಂದು ಉದ್ದನೆಯ ಕೋಣೆ. ಆಪರೇಷನ್ನಿಗೆ ಬೇಕಾದ ಕತ್ತರಿ, ಚಿಮುಟ, ರಕ್ತನಾಳ ಬಿಗಿಹಿಡಿಯುವ ಕ್ಲಾಂಪುಗಳೆಲ್ಲ ಗೋಡೆಯ ಆಚೆ ಕಡೆ ರಕ್ತ ತೊಳೆಸಿಕೊಂಡು, ಗಾಜಿನ ಕಂಡಿಯ ಮೂಲಕ ನಮ್ಮ ಕಡೆ ಬರುತ್ತವೆ. ನಾವು ಅವನ್ನು ಸ್ಟೀಲಿನ ಟ್ರೇಗಳಲ್ಲಿ ಜೋಡಿಸಿ, ಎಣಿಸಿ, ನೀಲಿ ಬಟ್ಟೆಯಲ್ಲಿ ಸುತ್ತಿ ಆವಿಯ ಯಂತ್ರಕ್ಕೆ ಕೊಡುತ್ತೇವೆ.

ಎಣಿಸುವುದಕ್ಕೆ ಒಂದು ಕ್ರಮವಿದೆ. ಒಬ್ಬರು ಪಟ್ಟಿ ನೋಡಿಕೊಂಡು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಆ ಸಾಮಾನನ್ನು ಬೆರಳಿನಿಂದ ಮುಟ್ಟಿ ‘ಇದೆ’ ಅನ್ನಬೇಕು. ಕಣ್ಣಲ್ಲಿ ನೋಡಿದರೆ ಸಾಲದು, ಮುಟ್ಟಲೇಬೇಕು. ಕತ್ತರಿ, ನೇರ, ಎರಡು. ಇದೆ. ಕತ್ತರಿ, ಬಾಗಿದ್ದು, ಎರಡು. ಇದೆ. ಹೀಗೆ ಹೊಟ್ಟೆಯ ಆಪರೇಷನ್ನಿನ ದೊಡ್ಡ ಟ್ರೇಗೆ ಮೂವತ್ತೊಂದು ಸಾಲು. ಕೊನೆಯಲ್ಲಿ ಇಬ್ಬರ ಸಹಿ. ದಿನಕ್ಕೆ ಮೂವತ್ತು ನಲವತ್ತು ಟ್ರೇ ಮುಗಿಸುವಷ್ಟರಲ್ಲಿ ನಾಲಿಗೆ ಒಣಗಿ ಹೋಗಿರುತ್ತದೆ, ಮನೆಗೆ ಹೋದ ಮೇಲೆ ಯಾರ ಜೊತೆಗೂ ಮಾತು ಬೇಡವೆನ್ನಿಸುತ್ತದೆ. ನನಗೆ ಮಾತ್ರ ಹಾಗನ್ನಿಸುವುದಿಲ್ಲ, ಅದು ಬೇರೆ ವಿಷಯ.

ಮುಟ್ಟುವವಳು ನನ್ನ ನಾದಿನಿ, ನನ್ನ ಗಂಡನ ತಂಗಿ. ಅವಳ ಗಂಡ ಬಿಟ್ಟುಹೋದಾಗ ಒಂದು ಸೂಟ್‌ಕೇಸ್ ಹಿಡಿದು ನಮ್ಮ ಮನೆಗೆ ಬಂದಳು. ನಾನೇ ಮೇಟ್ರನ್ನಿಗೆ ದುಂಬಾಲು ಬಿದ್ದು ಈ ಕೆಲಸ ಕೊಡಿಸಿದೆ. ಅವಳಿಗೆ ಗುಮ್ಮಿ ಎಂದು ಹೆಸರಿಟ್ಟವಳೂ ನಾನೇ. ಗುಮ್ಮನಗುಸುಕಿ ಅನ್ನುವುದು ಉದ್ದವಾಯಿತು, ದಿನಕ್ಕೆ ಐವತ್ತು ಸಲ ಕರೆಯುವುದಕ್ಕೆ ಗುಮ್ಮಿ ಸಾಕು. ಗಂಡ ಹೋದ ವಾರ ಅವಳು ಒಂದು ಹನಿ ಕಣ್ಣೀರು ಹಾಕಲಿಲ್ಲ. ನಮ್ಮ ಮನೆಯ ಎಲ್ಲ ಪರದೆಗಳನ್ನು ಬಿಚ್ಚಿ ಒಗೆದಳು. ಒಣಗಿದ ಮೇಲೆ ಹಾಕಿ, ಎರಡು ದಿನ ಬಿಟ್ಟು ಮತ್ತೆ ಬಿಚ್ಚಿ ಒಗೆದಳು. ನಾನು ಅವಳ ಅಣ್ಣನಿಗೆ, “ನಿಮ್ಮ ತಂಗಿಗೆ ಎದೇಲಿ ಏನಿದೆ, ಸೋಪಿನ ಪುಡಿನಾ?” ಎಂದು ಕೇಳಿದ್ದೆ.

ನನ್ನ ಪರಿ ಬೇರೆ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಬಂದದ್ದನ್ನು ಬಂದ ಹಾಗೆ ಹೊರಗೆ ಹಾಕಿ ಐದು ನಿಮಿಷಕ್ಕೆ ಮರೆತುಬಿಡುತ್ತೇನೆ. ಕೆಲಸದ ಕಡೆ ನನ್ನನ್ನು ಪಟಾಕಿ ಅನ್ನುತ್ತಾರೆ, ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ. “ನಾನು ಕೂಗ್ತೀನಿ ನಿಜ, ಆದ್ರೆ ಮನಸ್ಸಲ್ಲಿ ಏನೂ ಇಟ್ಕೊಳ್ಳೋಳಲ್ಲ” ಎಂದು ಐವತ್ತೊಂದು ವರ್ಷದಿಂದ ಹೇಳಿಕೊಂಡು ಬಂದವಳು ನಾನು. ಮನಸ್ಸಲ್ಲಿ ಇಟ್ಟುಕೊಳ್ಳುವವರೇ ಅಪಾಯದವರು ಎಂಬುದು ನನ್ನ ನಂಬಿಕೆಯಾಗಿತ್ತು. ಇನ್ನು ನನ್ನ ಗಂಡ. ಮನೆಗೆ ಬೆಂಕಿ ಬಿದ್ದರೂ ಅವರು ಮೊದಲು ಒಂದು ತಮಾಷೆ ಮಾಡಿ ಆಮೇಲೆ ನೀರು ಹುಡುಕುವವರು.

ಆ ಮಂಗಳವಾರ ಹನ್ನೊಂದೂವರೆಗೆ ಮೇಲಿನ ಆಪರೇಷನ್ ಥಿಯೇಟರಿನಿಂದ ಫೋನ್ ಬಂತು. ರೋಗಿ ಬದುಕಿಕೊಂಡರು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಆ ಹೊತ್ತಿನಲ್ಲಿ ನಮಗೆ ಅದು ಗೊತ್ತಿರಲಿಲ್ಲ. ಯಾರೋ ಒಬ್ಬ ಹೆಂಗಸು, ನನ್ನದೇ ವಯಸ್ಸು, ಹೊಟ್ಟೆಯ ಆಪರೇಷನ್ ಮುಗಿಸಿ ಹೊಲಿಗೆ ಹಾಕುವ ಮುಂಚೆ ಎಣಿಸಿದರೆ ಒಂದು ಕ್ಲಾಂಪ್ ಕಡಿಮೆ. ಉದ್ದನೆಯದು, ಮೊನೆ ಬಾಗಿದ್ದು. ಆಪರೇಷನ್ ಶುರುವಾಗುವ ಮುಂಚೆಯೂ ಎಣಿಸಬೇಕು, ಆದರೆ ಅದು ತುರ್ತಿನ ಕೇಸಾದ್ದರಿಂದ ನಮ್ಮ ಎರಡು ಸಹಿ ನೋಡಿ ನಂಬಿಬಿಟ್ಟಿದ್ದರು. ಈಗ ಕ್ಲಾಂಪ್ ಎಲ್ಲಿ? ಒಳಗೆ ಉಳಿದಿದೆಯೆಂದೇ ಎಲ್ಲರೂ ಅಂದುಕೊಂಡರು. ಹೊಟ್ಟೆ ತೆರೆದಿಟ್ಟುಕೊಂಡೇ ಹುಡುಕಿದರು, ಎಕ್ಸ್‌ರೇ ಯಂತ್ರ ತರಿಸಿದರು. ಆ ಹೆಂಗಸು ಐವತ್ತು ನಿಮಿಷ ಹೆಚ್ಚಿಗೆ ಹಾಗೇ ಮಲಗಿದ್ದರು.

ಕೆಳಗೆ ನಾವೂ ಹುಡುಕಿ ಹುಡುಕಿ, ಕೊನೆಗೆ ಗಾಜಿನ ಕಂಡಿಯ ಪಕ್ಕದ ಎಣ್ಣೆ ಬಟ್ಟಲಿನಲ್ಲಿ ಸಿಕ್ಕಿತು. ಕೀಲು ಬಿಗಿಯಾಗಿದೆಯೆಂದು ತೊಳೆಯುವ ಕಡೆಯವರು ಸೋಮವಾರ ಬೆಳಿಗ್ಗೆ ಅದನ್ನು ಅಲ್ಲಿ ನೆನೆಹಾಕಿದ್ದರು. ಅಂದರೆ ಅದು ಟ್ರೇಗೆ ಬಂದೇ ಇರಲಿಲ್ಲ. ಪಕ್ಕದ ಡ್ರಾಯರಿನಲ್ಲಿ ಅಂಥದ್ದೇ ಇನ್ನೊಂದು ಇತ್ತು. ಇಲ್ಲವೆಂದು ಒಬ್ಬರು ಬಾಯಿಬಿಟ್ಟಿದ್ದರೆ ಅದನ್ನು ತೆಗೆದು ಇಡುವುದು ಎರಡು ಕ್ಷಣದ ಕೆಲಸ. ಆದರೆ ನಮ್ಮ ಸೋಮವಾರದ ಪಟ್ಟಿಯಲ್ಲಿ ಇಪ್ಪತ್ತಮೂರನೆಯ ಸಾಲಿನ ಎದುರಿಗೆ ನನ್ನ ಟಿಕ್ ಇತ್ತು, ಕೆಳಗೆ ನನ್ನ ಸಹಿ, ಅವಳ ಸಹಿ.

ನಾನು ಶುರುಮಾಡಿದೆ. ಶುರುಮಾಡಿದರೆ ನಾನು ನಿಲ್ಲುವವಳಲ್ಲ.

“ನೀನು ಇದೆ ಅಂದೆ, ನಾನು ಟಿಕ್ ಹಾಕ್ದೆ. ಮುಟ್ಟದೇನೇ ಅಂದ್ಯಾ? ಎಲ್ಲಿತ್ತೇ ನಿನ್ನ ಜ್ಞಾನ? ಅಲ್ಲಿ ಒಂದು ಜೀವ ಹೊಟ್ಟೆ ಬಿಟ್ಕೊಂಡು ಬಿದ್ದಿದೆ. ಹನ್ನೊಂದು ವರ್ಷ ನಿನ್ನ ಬೆರಳು ನಂಬ್ಕೊಂಡು ಸಹಿ ಹಾಕಿದ್ದೀನಲ್ಲ, ನನ್ನ ಬುದ್ಧಿಗೆ ಏನು ಹೇಳ್ಬೇಕು.”

ಇನ್ನೂ ಏನೇನು ಅಂದೆನೋ. ಗಂಟಲು ಬಿದ್ದುಹೋಗುವವರೆಗೂ ಕೂಗಿದೆ, ಆಮೇಲೆ ಸ್ಟೂಲಿನ ಮೇಲೆ ಕೂತು ಗೊಳೋ ಎಂದು ಅತ್ತೆ. ಅಳು ನಿಜವಾದದ್ದೇ. ಆ ಹೆಂಗಸನ್ನು ನೆನೆದೇ ಅಳುತ್ತಿದ್ದೆ.

ಗುಮ್ಮಿ ಬಟ್ಟೆಗೆ ಅಂಟಿಸುವ ಟೇಪನ್ನು ತೆಗೆದುಕೊಂಡು ಒಂದೇ ಅಳತೆಯ ತುಂಡುಗಳಾಗಿ ಕತ್ತರಿಸಿ ಮೇಜಿನ ಅಂಚಿಗೆ ಸಾಲಾಗಿ ಅಂಟಿಸುತ್ತ ನಿಂತಳು. ಮೇಟ್ರನ್ ಇಳಿದು ಬಂದಾಗ ಅವರ ಕಣ್ಣಿಗೆ ಬಿದ್ದದ್ದು ಇದು: ಅಳುತ್ತಿರುವ ನಾನು, ಟೇಪ್ ಕತ್ತರಿಸುತ್ತಿರುವ ಅವಳು. ಮೇಟ್ರನ್ ನನಗೆ ನೀರು ಕೊಟ್ಟು ಬೆನ್ನು ಸವರಿದರು. ಅವಳ ಕಡೆ ತಿರುಗಿ, “ನಿಮಗೆ ಏನೂ ಅನ್ಸಲ್ವಾ?” ಎಂದು ಕೇಳಿದರು.

ಅವಳು ಅವರನ್ನು ನೋಡಿದಳು. ಇನ್ನೊಂದು ತುಂಡು ಟೇಪ್ ಕತ್ತರಿಸಿದಳು.

ಗುರುವಾರ ವಿಚಾರಣೆ ಎಂದಾಯಿತು. ಅಲ್ಲಿಯವರೆಗೆ ಗುಮ್ಮಿ ಸಾಮಾನು ಮುಟ್ಟುವ ಹಾಗಿಲ್ಲ, ಮೂಲೆಯಲ್ಲಿ ನೀಲಿ ಬಟ್ಟೆ ಮಡಚಬೇಕು. ಮುಟ್ಟದೆ ‘ಇದೆ’ ಅಂದವರನ್ನು ನಮ್ಮ ವಿಭಾಗ ಇಟ್ಟುಕೊಳ್ಳುವುದಿಲ್ಲ. ಎರಡು ವರ್ಷದ ಹಿಂದೆ ಒಬ್ಬರನ್ನು ಹಾಗೇ ಮನೆಗೆ ಕಳಿಸಿದ್ದರು. ಇಲ್ಲಿಂದ ಹಾಗೆ ಹೊರಬಿದ್ದವರನ್ನು ಇನ್ನೊಂದು ಆಸ್ಪತ್ರೆ ಹತ್ತಿರ ಸೇರಿಸುವುದಿಲ್ಲ, ಮತ್ತು ನಲವತ್ತಾರನೇ ವಯಸ್ಸಿನಲ್ಲಿ ಅವಳಿಗೆ ಬೇರೆ ಯಾವ ಕೆಲಸವೂ ಬರುವುದಿಲ್ಲ. ಅವಳದು ಎಂದು ಈ ಭೂಮಿಯ ಮೇಲೆ ಇದ್ದದ್ದು ಆ ಸ್ಟೀಲಿನ ಮೇಜಿನ ಎದುರಿನ ಎರಡಡಿ ಜಾಗ. ಅದು ಹೋಗುತ್ತದೆಂದು ನನಗೆ ಗೊತ್ತಿತ್ತು. ಹೋದರೆ ಹೋಗಲಿ, ಮಾಡಿದ್ದಲ್ಲವಾ, ಎಂದುಕೊಂಡೆ. ಸುಳ್ಳು ಹೇಳಿ ನನಗೇನಾಗಬೇಕಿದೆ, ಹಾಗೇ ಅಂದುಕೊಂಡೆ.

ಮಂಗಳವಾರ ಸಂಜೆ ಮನೆಗೆ ಹೋಗಿ ಚೆನ್ನಾಗಿ ಊಟ ಮಾಡಿದೆ. ಕೂಗಿ ಅತ್ತ ದಿನ ನನಗೆ ಹಸಿವು ಜಾಸ್ತಿ. ಗುಮ್ಮಿ ತಟ್ಟೆಗೆ ಬಡಿಸಿಕೊಂಡದ್ದನ್ನು ಹಾಗೇ ಮುಚ್ಚಿಟ್ಟು ಒಲೆ ತಿಕ್ಕಲು ನಿಂತಳು. ಒಲೆ ಆಗಲೇ ಹೊಳೆಯುತ್ತಿತ್ತು. ನನ್ನ ಗಂಡ ಇಬ್ಬರನ್ನೂ ನೋಡಿ, “ಒಬ್ಬಳು ಮನೆ ಹಾರಿಸ್ತಾಳೆ, ಒಬ್ಬಳು ಒಲೆ ಸವೆಸ್ತಾಳೆ, ನಾನು ಇನ್ಶೂರೆನ್ಸ್ ಮಾಡಿಸ್ಬೇಕು” ಎಂದರು.

ಬುಧವಾರ ನನ್ನ ಎದುರಿಗೆ ಮುಟ್ಟಲು ಬಂದವಳು ತೊಳೆಯುವ ಕಡೆಯ ಏಣಿ. ಆರಡಿ ಎತ್ತರದ ಹೆಂಗಸು, ಅದಕ್ಕೇ ಆ ಹೆಸರು. ಯಾರ ಮುಲಾಜೂ ಇಲ್ಲದ ಮಾತು ಅವಳದು. ಬೆಳಗಿನ ಮೂರನೆಯದು ಹೊಟ್ಟೆಯ ಟ್ರೇ. ನಾನು ಓದುತ್ತ ಹೋದೆ. ನನ್ನ ಓಟಕ್ಕೆ ಅವಳ ಬೆರಳು ಹಿಂದೆ ಬೀಳುತ್ತಿತ್ತು, ನನಗೆ ಒಳಗೊಳಗೇ ರೇಗುತ್ತಿತ್ತು. ಗುಮ್ಮಿಯ ಜೊತೆ ಹೀಗಿರಲಿಲ್ಲ. ನನ್ನ ಮಾತು ಮುಗಿಯುವುದಕ್ಕೂ ಅವಳ ‘ಇದೆ’ ಬರುವುದಕ್ಕೂ ನಡುವೆ ಉಸಿರು ಹಿಡಿಸುತ್ತಿರಲಿಲ್ಲ. ಮೂವತ್ತೊಂದು ಸಾಲು ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು.

“ನಿಲ್ಸಿ,” ಎಂದಳು ಏಣಿ. “ಒಂದು ಬಿಟ್ರಿ.”

“ಏನ್ ಬಿಟ್ಟೆ? ನಿನ್ನ ಕೈ ನಿಧಾನ, ನನ್ನ ಬಾಯಿ ಮೇಲೆ ಹೇಳ್ಬೇಡ.”

“ಇಲ್ಲೊಂದು ಉದ್ದಂದು ಬಿದ್ದಿದೆ, ಮೊನೆ ಬಾಗಿದ್ದು. ಇದರ ಹೆಸರು ನೀವು ಹೇಳ್ಲೇ ಇಲ್ಲ.”

“ಹೇಳ್ದೆ.”

“ಹೇಳ್ಲಿಲ್ಲ ಕಣ್ರೀ. ಬೇಕಾದ್ರೆ ಇನ್ನೊಂದ್ಸಲ ಓದಿ, ನಾನು ಕೇಳ್ತೀನಿ.”

ಅವಳನ್ನು ತರಾಟೆಗೆ ತೆಗೆದುಕೊಳ್ಳುವ ಉತ್ಸಾಹದಲ್ಲೇ ಮತ್ತೆ ಓದಿದೆ. ಇಪ್ಪತ್ತೆರಡರ ವರೆಗೆ ಸರಿಯಾಗಿ ಬಂತು. ಮುಂದಿನದನ್ನು ಬಾಯಿ ಹೇಳಿತು, ಆಗ ಕಣ್ಣು ಪಟ್ಟಿಯ ಮೇಲೆ ಬಿತ್ತು. ಬಾಯಿ ಹೇಳಿದ್ದು ಇಪ್ಪತ್ತನಾಲ್ಕನೆಯದನ್ನು.

ಎರಡು ತಿಂಗಳ ಹಿಂದೆ ಹೊಸ ಸರ್ಜನ್ ಬಂದಾಗ ಅವರು ಕೇಳಿದರೆಂದು ಆ ಕ್ಲಾಂಪನ್ನು ಟ್ರೇಗೆ ಸೇರಿಸಿ ಹೊಸ ಪಟ್ಟಿ ಮಾಡಿದ್ದರು. ಮೂವತ್ತು ಸಾಲು ಇದ್ದದ್ದು ಮೂವತ್ತೊಂದಾಗಿತ್ತು. ನಾನು ಮಾತ್ರ ಹಳೆಯ ಮೂವತ್ತನ್ನೇ ಒಪ್ಪಿಸುತ್ತಿದ್ದೆ. ಪಟ್ಟಿ ಕೈಯಲ್ಲಿ ಇರುತ್ತಿತ್ತು, ನೋಡುತ್ತಿರಲಿಲ್ಲ. ಹನ್ನೊಂದು ವರ್ಷ ಓದಿ ಓದಿ ಬಾಯಿಪಾಠವಾದದ್ದನ್ನು ಯಾರು ನೋಡುತ್ತಾರೆ. ಮೊದಲೆಲ್ಲ ಸಾಲಿಗೊಂದು ಟಿಕ್ ಹಾಕುತ್ತಿದ್ದೆ. ಈಚೆಗೆ ಎಲ್ಲ ಮುಗಿದ ಮೇಲೆ ಮೇಲಿನಿಂದ ಕೆಳಕ್ಕೆ ಸರಸರ ಹಾಕಿಬಿಡುವುದು ರೂಢಿಯಾಗಿತ್ತು. ಇಪ್ಪತ್ತಮೂರಕ್ಕೂ ಒಂದು ಬೀಳುತ್ತಿತ್ತು.

ಹಾಗಾದರೆ ಈ ಎರಡು ತಿಂಗಳು? ಹೊಟ್ಟೆಯ ಟ್ರೇ ದಿನಕ್ಕೆ ಒಂದಾದರೂ ಹೋಗುತ್ತದೆ. ಒಂದು ದಿನವೂ ಕ್ಲಾಂಪ್ ಕಡಿಮೆಯೆಂದು ದೂರು ಬಂದಿರಲಿಲ್ಲ.

ಊಟದ ಬಿಡುವಿನಲ್ಲಿ ಹಳೆಯ ಪಟ್ಟಿಗಳ ಫೈಲ್ ತೆಗೆದೆ. ಬಾಗಿಲು ಹಾಕಿಕೊಂಡು ಒಂದೊಂದೇ ನೋಡಿದೆ. ಇಪ್ಪತ್ತಮೂರನೆಯ ಸಾಲಿನ ಪಕ್ಕದಲ್ಲಿ, ಅಂಚಿನಲ್ಲಿ, ಪೆನ್ಸಿಲಿನ ಒಂದು ಸಣ್ಣ ಚುಕ್ಕೆ. ಬೇರೆ ಯಾವ ಸಾಲಿಗೂ ಇಲ್ಲ. ಎಲ್ಲ ಹಾಳೆಗಳಲ್ಲೂ ಇತ್ತು. ನಾನು ಟಿಕ್ ಹಾಕಿ ಸಹಿ ಮಾಡಿ ಪಟ್ಟಿಯನ್ನು ಅವಳ ಕಡೆ ತಳ್ಳಿ ಬೆನ್ನು ನೀವಿಕೊಳ್ಳುತ್ತಿದ್ದೆನಲ್ಲ, ಆ ಹೊತ್ತಿನಲ್ಲಿ ಅವಳು ಆ ಕ್ಲಾಂಪನ್ನು ತಾನೇ ಮುಟ್ಟಿ, ಚುಕ್ಕೆ ಇಟ್ಟು, ಆಮೇಲೆ ಸಹಿ ಮಾಡುತ್ತಿದ್ದಳು. ಐವತ್ತೆಂಟು ಹಾಳೆಗಳಲ್ಲಿ ಚುಕ್ಕೆ. ಐವತ್ತೊಂಬತ್ತನೆಯದು ಸೋಮವಾರದ್ದು, ಅದರಲ್ಲಿ ಇಲ್ಲ. ಕಣ್ಣಿಗೆ ಕಾಣುತ್ತಿಲ್ಲವೇನೋ ಎಂದು ಬೆಳಕಿಗೆ ಹಿಡಿದೆ. ಇಲ್ಲ.

ನನಗೆ ಮೊದಲು ಬಂದದ್ದು ನಾಚಿಕೆಯಲ್ಲ, ಕೋಪ. ನನ್ನ ಹಣೆಬರಹವೇ ಅಷ್ಟು. ಎರಡು ತಿಂಗಳು ಬಾಯಿಗೆ ಏನು ತುರುಕಿಕೊಂಡಿದ್ದಳು? ‘ಅತ್ತಿಗೆ, ಒಂದು ಸಾಲು ಬಿಡ್ತಿದ್ದೀರಿ.’ ನಾಲ್ಕು ಮಾತು. ಮಂಗಳವಾರ ಎಲ್ಲರ ಎದುರಿಗೆ ನಾನು ಅವಳ ಮಾನ ಕಳೆಯುವಾಗಲಾದರೂ ಹೇಳಬಹುದಿತ್ತಲ್ಲ. ಸಂಜೆ ಮನೆ ಬಾಗಿಲು ದಾಟುವಷ್ಟರಲ್ಲಿ ನಾನು ಕಾದು ಕೆಂಪಗಾಗಿದ್ದೆ. ಅವಳು ಅಡುಗೆಮನೆಯಲ್ಲಿ ಇದ್ದಳು.

“ಯಾಕೇ ಹೇಳ್ಲಿಲ್ಲ ನೀನು?” ಎಂದೆ. ಎಂದೆ ಅಂದರೆ, ಪಕ್ಕದ ಮನೆಗೂ ಕೇಳಿಸಿತು. “ಆ ಚುಕ್ಕೆ ನೋಡ್ದೆ ನಾನು. ಎಲ್ಲ ಗೊತ್ತಿದ್ದೂ ಕಲ್ಲು ಹಾಗೆ ನಿಂತಿದ್ಯಲ್ಲ. ಬಾಯಿ ಇಲ್ವಾ ನಿಂಗೆ? ಬಾಯಿಬಿಟ್ರೆ ಏನು ಹಲ್ಲು ಉದುರುತ್ತಾ?”

ಗುಮ್ಮಿ ನನ್ನನ್ನು ನೋಡಲಿಲ್ಲ. ಕಪಾಟಿನ ಬಾಗಿಲು ತೆಗೆದು ಲೋಟಗಳನ್ನೆಲ್ಲ ಕೆಳಗೆ ಇಳಿಸಿದಳು, ಒಂದೊಂದನ್ನೇ ಒರೆಸಿ ಮತ್ತೆ ಒಳಗಿಡಲು ಶುರುಮಾಡಿದಳು. ನನ್ನ ಗಂಡ ಬಂದು ನನ್ನ ತೋಳು ಹಿಡಿದು ಹೊರಗಿನ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದರು. ತಮಾಷೆ ಬರುತ್ತದೆಂದು ಕಾದೆ. ಬರಲಿಲ್ಲ.

“ಸೋಮವಾರ ಬೆಳಿಗ್ಗೆ ಅವಳಿಗೆ ಏನಂದೆ, ಜ್ಞಾಪಕ ಇದ್ಯಾ?” ಎಂದು ಕೇಳಿದರು.

ಜ್ಞಾಪಕವಿರಲಿಲ್ಲ. ಏನೋ ಕೂಗಿದ್ದೆ. ಕೂಗದ ಬೆಳಗು ಯಾವುದು.

“ಕುರ್ಚಿ ಮೇಲೆ ಒದ್ದೆ ಟವೆಲ್ ಬಿಟ್ಟಿದ್ಲು. ನೀನು ಅಂದೆ, ನಿನ್ನ ಗಂಡ ಯಾಕೆ ಬಿಟ್ಟುಹೋದ ಅಂತ ಈಗ ಗೊತ್ತಾಯ್ತು, ಗೋಡೆ ಜೊತೆ ಯಾರು ಸಂಸಾರ ಮಾಡ್ತಾರೆ ಅಂತ.”

“ನಾನು ಹಾಗಂದ್ನಾ?”

“ಅಂದೆ. ಅಂದು ಬಸ್‌ಸ್ಟಾಪಿಗೆ ಹೋಗೋಷ್ಟರಲ್ಲಿ ಅವಳ ಹತ್ರಾನೇ ಕೊಡೆ ಕೇಳ್ದೆ.”

ನಾನು ಮೆಟ್ಟಿಲ ಮೇಲೆ ಕೂತೆ. ಅವರೂ ಕೂತರು. ಎದುರು ಮನೆಯವರು ಬಟ್ಟೆ ಒಳಗೆ ಎಳೆದುಕೊಳ್ಳುತ್ತಿದ್ದರು.

“ನಮ್ಮಪ್ಪನೂ ನಿನ್ನ ಹಾಗೇ,” ಎಂದರು. “ಕೂಗಿ ಮರೆತುಬಿಡೋರು. ಒಳ್ಳೆ ಮನುಷ್ಯ. ಅವರು ಶುರುಮಾಡಿದ್ರೆ ನಾನು ಏನಾದ್ರೂ ಹೇಳಿ ನಗಿಸ್ತಿದ್ದೆ. ನಕ್ಕರೆ ಬಚಾವು. ಅವಳಿಗೆ ನಗಿಸೋಕೆ ಬರ್ತಿರ್ಲಿಲ್ಲ. ಎಲ್ಲರ ಚಪ್ಪಲಿ ಜೋಡಿಸ್ತಾ ಕೂತ್ಕೋತಿದ್ಲು. ಒಂದೇ ಮನೇಲಿ ಬೆಳೆದ್ವಿ, ನಾನು ಹಿಂಗಾದೆ, ಅವಳು ಹಂಗಾದ್ಲು. ಯಾರೂ ಕೂತ್ಕೊಂಡು ಆರಿಸ್ಕೊಂಡಿದ್ದಲ್ಲ.”

“ಇಪ್ಪತ್ತಾರು ವರ್ಷದಲ್ಲಿ ಒಂದ್ಸಲಾನೂ ಹೇಳ್ಲಿಲ್ವಲ್ಲ ನೀವು, ನಾನು ನಿಮ್ಮಪ್ಪನ ಹಾಗೆ ಅಂತ.”

“ಹೇಳಿದೀನಿ. ತಮಾಷೆ ಮಾಡ್ತಾ ಹೇಳಿದೀನಿ,” ಎಂದರು. ಅವರ ಮುಖದಲ್ಲಿ ಇಷ್ಟು ಸುಸ್ತು ನಾನು ಯಾವತ್ತೂ ಕಂಡಿರಲಿಲ್ಲ.

ಒಳಗೆ ಹೋಗಿ ಅವಳಿಗೆ ಏನಾದರೂ ಹೇಳಬೇಕೆನ್ನಿಸಿತು. ಆದರೆ ನನಗೆ ಬರುವುದು ಎರಡೇ ದನಿ, ಒಂದು ಕೂಗು, ಇನ್ನೊಂದು ಅಳು. ಯಾವುದನ್ನು ತೆಗೆದುಕೊಂಡು ಹೋದರೂ ಅವಳು ಇನ್ನೊಂದು ಕಪಾಟು ಖಾಲಿ ಮಾಡುತ್ತಾಳೆ. ಹೋಗಲಿಲ್ಲ.

ಗುರುವಾರ ಹತ್ತು ಗಂಟೆಗೆ ಎರಡನೇ ಮಹಡಿಯ ಕೋಣೆ. ಮೇಜಿನ ಆಚೆ ಮೇಟ್ರನ್, ಆ ಹೊಸ ಸರ್ಜನ್, ಬರೆದುಕೊಳ್ಳಲು ಆಫೀಸಿನವರೊಬ್ಬರು. ಈಚೆ ನಾವಿಬ್ಬರು. ಒಳಗೆ ಕಾಲಿಡುವಾಗಲೇ ಒಂದು ನಿಶ್ಚಯ ಮಾಡಿದ್ದೆ: ಅಳಬಾರದು. ಅತ್ತರೆ ಮೇಟ್ರನ್ ಮತ್ತೆ ನೀರು ಕೊಡುತ್ತಾರೆ, ಬೆನ್ನು ಸವರುತ್ತಾರೆ, ಅರ್ಧ ತಪ್ಪು ಅಲ್ಲೇ ತೊಳೆದುಹೋಗುತ್ತದೆ. ಅದು ನನಗೆ ಇಷ್ಟು ವರ್ಷ ಚೆನ್ನಾಗಿ ನಡೆದುಕೊಂಡು ಬಂದಿದೆ.

ಅವರು ಗುಮ್ಮಿಯ ಕಡೆ ತಿರುಗುವ ಮುಂಚೆಯೇ ನಾನು ಬಾಯಿಬಿಟ್ಟೆ. “ತಪ್ಪು ನಂದು. ಆ ಸಾಲು ನಾನು ಓದ್ಲೇ ಇಲ್ಲ. ಎರಡು ತಿಂಗಳಿಂದ ಓದ್ತಿಲ್ಲ. ಹಳೇ ಪಟ್ಟಿ ಬಾಯಿಪಾಠ ಒಪ್ಪಿಸ್ತಿದ್ದೆ, ಕೊನೇಲಿ ಒಟ್ಟಿಗೆ ಟಿಕ್ ಹಾಕ್ತಿದ್ದೆ. ಅವಳು ಮುಟ್ಟದೆ ಇದೆ ಅಂದಿದ್ದಲ್ಲ. ನಾನು ಕೇಳ್ದೇ ಇದ್ದಿದ್ದಕ್ಕೆ ಅವಳು ಇದೆ ಅನ್ನೋ ಮಾತೇ ಬರಲಿಲ್ಲ.”

ದನಿ ಏರಿಸದೆ ಹೇಳಿದೆ. ಅದೇ ಕೆಟ್ಟಿತು. ಮೇಟ್ರನ್ ನನ್ನನ್ನೇ ನೋಡಿ, “ನಾದಿನೀನ ಉಳಿಸ್ಕೊಳ್ಳೋಕೆ ಹೇಳ್ತಿದ್ದೀರಾ?” ಎಂದರು. “ಮಂಗಳವಾರ ನಿಮ್ಮ ಸಂಕಟ ನಾನು ಕಣ್ಣಾರೆ ನೋಡಿದ್ದೀನಿ. ತಪ್ಪು ಮಾಡಿದವರು ಹಾಗೆ ಅಳಲ್ಲ.”

“ಅಳ್ತಾರೆ,” ಎಂದೆ. “ನಾನು ಅತ್ತೆನಲ್ಲ.”

ಫೈಲನ್ನು ಮೇಜಿನ ಮೇಲಿಟ್ಟು ಐವತ್ತೊಂಬತ್ತು ಹಾಳೆಗಳನ್ನೂ ತೋರಿಸಿದೆ. ಚುಕ್ಕೆ ಏನೆಂದು ವಿವರಿಸಿದೆ. ಬುಧವಾರ ನಾನು ಓದಿದ್ದನ್ನು ಏಣಿಯನ್ನು ಕರೆಸಿ ಕೇಳಬಹುದೆಂದೆ. ಸರ್ಜನ್ ಹಾಳೆಗಳನ್ನು ಒಂದೊಂದಾಗಿ ಮಗುಚಿದರು. ಕೊನೆಯ ಹಾಳೆಗೆ ಬಂದು ನಿಂತು ಅವರು ಗುಮ್ಮಿಯನ್ನು ಕೇಳಿದರು.

“ಇವರು ಬಿಡ್ತಿದ್ದಾರೆ ಅಂತ ನಿಮಗೆ ಮೊದಲ ದಿನಾನೇ ಗೊತ್ತಿತ್ತಾ?”

“ಗೊತ್ತಿತ್ತು.”

“ಯಾಕೆ ಹೇಳ್ಲಿಲ್ಲ?”

ಗುಮ್ಮಿ ಕೈ ಚಾಚಿ ಹಾಳೆಗಳ ಅಂಚನ್ನು ಸರಿಮಾಡಿದಳು. ಒಂದು ಕಡೆ, ಆಮೇಲೆ ಇನ್ನೊಂದು ಕಡೆ. ಹೇಳುವುದಿಲ್ಲವೆಂದುಕೊಂಡೆ.

“ಹೇಳಿದ್ರೆ ಕೂಗ್ತಾರೆ,” ಎಂದಳು.

ಸರ್ಜನ್‌ಗೆ ಅದು ಹಿಡಿಸಲಿಲ್ಲ. “ಕೂಗಿದ್ರೆ ಏನಾಗ್ತಿತ್ತು? ಒಬ್ಬ ರೋಗಿಯ ಜೀವಕ್ಕಿಂತ ಅದು ಹೆಚ್ಚಾ?”

“ಅವರಿಗೆ ಏನೂ ಆಗಲ್ಲ. ಕೂಗಿ ಮರೀತಾರೆ. ನಂಗೆ ಮೂರು ದಿನ ಕೈ ನಡುಗುತ್ತೆ. ನಡುಗೋ ಕೈಲಿ ಈ ಕೆಲ್ಸ ಮಾಡೋಕಾಗಲ್ಲ. ದಿನಾ ಹೇಳಿ ದಿನಾ ನಡುಗೋದಕ್ಕಿಂತ ನಾನೇ ಮುಟ್ಟಿ ನೋಡ್ಕೊಳ್ಳೋದು ಸುಲಭ ಅನ್ನಿಸ್ತು. ನಂದೂ ತಪ್ಪೇ. ಬರ್ಕೊಳ್ಳಿ.”

ಅವಳು ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ದನಿಯಲ್ಲಿ ದೂರು ಇರಲಿಲ್ಲ, ಔಷಧಿಯ ಪ್ರಮಾಣ ಹೇಳಿದಷ್ಟು ಸಪ್ಪೆಯಾಗಿ ಹೇಳಿದಳು.

“ಸೋಮವಾರ ಯಾಕೆ ಮುಟ್ಟಿ ನೋಡ್ಲಿಲ್ಲ?” ಎಂದರು ಮೇಟ್ರನ್.

“ಸೋಮವಾರ ನಡುಗ್ತಿತ್ತು,” ಎಂದಳು. “ಅವರು ಓದಿದ್ದನ್ನೆಲ್ಲ ಹೇಗೋ ಮುಟ್ಟಿ ಮುಗಿಸಿ, ಕೈ ಮೇಜಿನ ಕೆಳಗೆ ಇಟ್ಕೊಂಡಿದ್ದೆ. ಅವರು ಪಟ್ಟಿ ತಳ್ಳಿದ್ರು, ಬೇಗ ಸಹಿ ಮಾಡಿ ಕೈ ಒಳಗೆ ತಗೊಂಡೆ.”

ಆಫೀಸಿನವರು ಬರೆಯುವುದನ್ನು ನಿಲ್ಲಿಸಿದ್ದರು. ಯಾವ ಕಾರಣಕ್ಕೆ ನಡುಗುತ್ತಿತ್ತೆಂದು ಮೇಟ್ರನ್ ಕೇಳಿದರು. ಗುಮ್ಮಿ, “ಮನೇದು” ಎಂದಳು, ಅಷ್ಟೇ. ಅಲ್ಲಿಯೂ ಅವಳು ನನ್ನ ತಪ್ಪು ಮುಚ್ಚಿದಳು.

ಹೊರಗೆ ಕೂರಿಸಿ ಅರ್ಧ ಗಂಟೆಯ ಮೇಲೆ ತೀರ್ಮಾನ ಹೇಳಿದರು. ಗುಮ್ಮಿಗೆ ಎಚ್ಚರಿಕೆಯ ಪತ್ರ, ಕೆಲಸ ಉಳಿಯುತ್ತದೆ, ಮುಟ್ಟುವ ಜಾಗಕ್ಕೇ ವಾಪಸ್ಸು. ನಾನು ಇನ್ನು ಮುಂದೆ ಓದುವ ಹಾಗಿಲ್ಲ. ನಾಳೆಯಿಂದ ಗೋಡೆಯ ಆಚೆ ಕಡೆ ತೊಳೆಯಬೇಕು. ಏಣಿ ಈಚೆ ಬರುತ್ತಾಳೆ. ನನಗೆ ಅದರಿಂದ ನೋವಾಗಲಿಲ್ಲವೆಂದರೆ ಸುಳ್ಳಾಗುತ್ತದೆ, ಆದರೆ ಆ ಹೊತ್ತಿಗೆ ನನ್ನ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಹನ್ನೊಂದು ವರ್ಷದಲ್ಲಿ ಎಷ್ಟು ಸೋಮವಾರಗಳು ಬಂದಿರಬಹುದು ಎಂದು ಯೋಚಿಸುತ್ತಿದ್ದೆ. ಎದುರಿಗೆ ಎರಡಡಿ ದೂರದಲ್ಲಿ ನಿಂತು ನಾನು ಒಂದು ಸಲವೂ ಆ ಕೈ ನೋಡಿರಲಿಲ್ಲ. ಅವಳ ಬೆರಳು ಎಷ್ಟು ಬೇಗ ಓಡುತ್ತದೆ ಅನ್ನುವುದನ್ನಷ್ಟೇ ನೋಡಿದ್ದೆ.

ಸಂಜೆ ಬಸ್‌ಸ್ಟಾಪಿನ ಬೆಂಚಿನ ಮೇಲೆ ಇಬ್ಬರೂ ಕೂತೆವು. ಇಬ್ಬರ ಕಾಲೂ ಊದಿದ್ದವು. ಬಸ್ಸು ತಡವಾಗಿತ್ತು.

“ಸೋಮವಾರ ನಾನು ಅಂದದ್ದು,” ಎಂದು ಶುರುಮಾಡಿದೆ. ಮುಂದೆ ಬರಲಿಲ್ಲ. ಕ್ಷಮಿಸು ಅನ್ನುವುದನ್ನು ದನಿ ಏರಿಸದೆ ಹೇಗೆ ಹೇಳುತ್ತಾರೋ ನನಗೆ ಅಭ್ಯಾಸವಿಲ್ಲ. “ಅನ್ನಬಾರದಿತ್ತು ಕಣೇ,” ಎಂದೆ.

“ಹೂಂ,” ಎಂದಳು.

ಒಂದು ಬಸ್ಸು ಬಂತು, ನಮ್ಮದಲ್ಲ. ಅದು ಹೋದ ಮೇಲೆ ಅವಳು ಹೇಳಿದಳು, “ನಾನು ಬೇರೆ ರೂಮು ನೋಡಿದ್ದೀನಿ ಅತ್ತಿಗೆ. ಒಂದನೇ ತಾರೀಕಿಗೆ ಹೋಗ್ತೀನಿ.”

“ಈ ಗಲಾಟೆಗಾ?”

“ಅಲ್ಲ. ಆರು ತಿಂಗಳಾಯ್ತು ನೋಡಿ. ಹೇಳಿರ್ಲಿಲ್ಲ.”

ನನ್ನ ಬಾಯಿಗೆ ಹತ್ತು ಮಾತು ಒಟ್ಟಿಗೆ ಬಂದವು. ನಮ್ಮ ಮನೆಯಲ್ಲಿ ನಿನಗೆ ಏನು ಕಡಿಮೆಯಾಗಿತ್ತು, ಯಾರನ್ನು ಕೇಳಿ ನೋಡಿದೆ, ನಿಮ್ಮಣ್ಣನಿಗೆ ಏನು ಹೇಳಲಿ, ಒಬ್ಬಳೇ ಹೇಗಿರುತ್ತೀಯ, ನಾಲ್ಕು ಜನ ನನ್ನನ್ನು ಏನೆಂದಾರು. ಒಂದೊಂದೂ ಗಂಟಲಿಗೆ ಬಂದು ನಿಂತಿತು. ನುಂಗಿದೆ. ನುಂಗಿದ್ದು ಕೆಳಗೆ ಇಳಿಯುವುದಿಲ್ಲವೆಂದು ನನಗೆ ಯಾರೂ ಹೇಳಿರಲಿಲ್ಲ, ಅದು ಎದೆಯ ಹತ್ತಿರವೇ ಕೂತಿತು.

“ರೂಮು ನೋಡೋಕೆ ನಾನೂ ಬರ್ಲಾ?” ಎಂದು ಮೆಲ್ಲಗೆ ಕೇಳಿದೆ.

ಅವಳು ನನ್ನ ಮುಖ ನೋಡಿದಳು. ಕೂಗುತ್ತೇನೇನೋ ಎಂದು ಒಂದು ಕ್ಷಣ ಕಾದಳು, ನನಗೆ ಅದು ಕಾಣಿಸಿತು.

“ಬೇಡ ಅತ್ತಿಗೆ,” ಎಂದಳು.

“ಸರಿ,” ಎಂದೆ. ನನ್ನ ಕೈ ನಡುಗುತ್ತಿತ್ತು. ಅವಳಿಗೆ ಕಾಣಬಾರದೆಂದು ಚೀಲದ ಕೆಳಗೆ ಇಟ್ಟುಕೊಂಡು ಬಸ್ಸಿಗೆ ಕಾದೆ.